ಅರ್ಥ್ ಇಲ್ಲ

ಕಾರು ಬಂದ ಮೊದಲ ರಾತ್ರಿ
ಚಾರ್ಜರಿನ ಡಬ್ಬಿ ಕೆಂಪು ಕಣ್ಣು ಬಿಟ್ಟಿತು.
ಮೂರು ಸಲ ಮಿಟುಕಿ, ನಿಂತು, ಮತ್ತೆ ಮೂರು ಸಲ.
ಪುಸ್ತಕದ ನಲವತ್ತೊಂದನೇ ಪುಟ ಹೇಳಿತು:
ನೆಲ ಸಿಗುತ್ತಿಲ್ಲ.

ಮೌಲಾಲಿ ಬಂದ. ಬಾಯಲ್ಲಿ ಟೆಸ್ಟರು, ಹೆಗಲಿಗೆ ವೈರಿನ ಸಿಂಬಿ.
ಪ್ಲಗ್ಗಿನ ಮೂರು ತೂತುಗಳಲ್ಲಿ ದೊಡ್ಡದಕ್ಕೆ ಇಣುಕಿ
"ಈ ಮನಿಗೆ ಅರ್ಥ್ ಇಲ್ರಿ ಮೇಡಂ," ಅಂದ.
"ಕಟ್ಟಿಸಿದಾಗಿಂದ ಇಲ್ಲ. ತೂತು ಐತಿ, ಒಳಗ ಏನಿಲ್ಲ."
ಹನ್ನೊಂದು ವರ್ಷ ಬಾಡಿಗೆ ಕೊಟ್ಟಿದ್ದೇನೆ,
ಯಾರೂ ಹೇಳಿರಲಿಲ್ಲ.

ಶೋರೂಮಿನ ಹುಡುಗನ ಲೆಕ್ಕ ಸಲೀಸು:
ಗೋಡೆಗೊಂದು ಪೆಟ್ಟಿಗೆ, ಏಳು ಕಿಲೋವ್ಯಾಟು,
ಮಲಗಿ ಎದ್ದರೆ ಹೊಟ್ಟೆ ತುಂಬಿರುತ್ತದೆ.
ಗೋಡೆ ಯಾರದು ಅಂತ ಅವನು ಕೇಳಲಿಲ್ಲ.
ಗೋಡೆ ಕೆಳಮನೆಯ ಖಾಜಾಬಿಯದು.
ಮೀಟರು ತೀರಿಹೋದ ಅವಳ ಗಂಡನ ಹೆಸರಿನದು,
ಮಂಜೂರಾದದ್ದು ಮೂರೇ ಕಿಲೋವ್ಯಾಟು.
ಅದರಲ್ಲೇ ಅವಳ ಕೂಲರು, ನನ್ನ ಕೂಲರು,
ರಂಜಾನ್ ಬಂದರೆ ಶ್ಯಾವಿಗೆ ಮಷೀನು.
ಹೆಸರು ಬದಲಾಗದೆ ಲೋಡು ಏರದು ಎಂದರು ಜೆಸ್ಕಾಂನಲ್ಲಿ.
ಹೆಸರು ಬದಲಾಗಲು ನಾಲ್ಕು ಮಕ್ಕಳ ಸಹಿ ಬೇಕು,
ಅದರಲ್ಲಿ ಇಬ್ಬರು ಒಬ್ಬರಿಗೊಬ್ಬರು ಮಾತು ಬಿಟ್ಟು ಆರು ವರ್ಷ.

ಎರಡನೇ ರಾತ್ರಿ ಮಾಡಬಾರದ್ದು ಮಾಡಿದೆ.
ಎದುರಿನ ಖಾರದ ಗಿರಣಿಯಲ್ಲಿ ಅರ್ಥ್ ಇತ್ತು.
ಹುಸೇನಪ್ಪನಿಗೆ ಹೇಳಿ, ಓಣಿಗೆ ಅಡ್ಡ
ಒಂದು ಎಕ್ಸ್‌ಟೆನ್ಶನ್ ಬಾಕ್ಸು ಎಳೆದೆ.
ಬೆಳಗಿನ ಜಾವ ಮೂರಕ್ಕೆ
ಮೆಣಸಿನ ಘಾಟಿನ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ನಾತ.
ಬಾಕ್ಸು ಕೆಟ್ಟ ಬೆಲ್ಲದ ಪಾಕದಂತೆ ಕೂತಿತ್ತು.
ಅಂದ್ರೂನ್ ಕಿಲ್ಲಾದ ಅರ್ಧ ಜನ ಕೆಮ್ಮುತ್ತ ನನ್ನ ಕಾರು ನೋಡಿದರು.

ಕರೆಂಟು ನನಗೆ ಹೊಸದಲ್ಲ.
ಶಕ್ತಿನಗರದಲ್ಲಿ ಕಲ್ಲಿದ್ದಲ ವ್ಯಾಗನ್ನುಗಳ ತೂಕ ಬರೆಯುತ್ತೇನೆ.
ಒಗೆದ ಬಿಳಿ ದುಪ್ಪಟ್ಟಾ ಎರಡನೇ ಸಲ ಬಿಳಿಯಾಗಿರುವುದಿಲ್ಲ.
"ಹೊಗಿ ಇಲ್ಲದ ಕಾರಂತ," ಜೊತೆಯ ಬಸಲಿಂಗಮ್ಮ ನಕ್ಕಳು,
"ಹೊಗಿ ಇಲ್ಲೇ ಬಿಟ್ಟು ಹೊಂಟೀಯಲ್ಲ, ಅದಕ್ಕ."
ಏನು ಹೇಳಲಿ. ಹಗಲು ನಾನು ತೂಗಿದ್ದೇ
ರಾತ್ರಿ ತಂತಿ ಹಿಡಿದು ನನ್ನ ಓಣಿತನಕ ಬಂದು
ಬಾಗಿಲಲ್ಲಿ ನಿಂತಿದೆ,
ಒಳಗೆ ಕರೆಯಲು ನನಗೆ ಮೂರನೇ ತೂತಿಲ್ಲ.

"ನೆಲ ಅಗೀರಿ," ಅಂದಳು ಖಾಜಾಬಿ ಕೊನೆಗೆ,
"ಬೇವಿನ ಬೇರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."
ಎರಡೂವರೆ ಅಡಿಗೆ ಬಂಡೆ. ಮೌಲಾಲಿ ಹಾರೆ ಬದಲಿಸಿದ,
ಜಾಗ ಬದಲಿಸಿದ, ಬಯ್ದ, ಚಹಾ ಕುಡಿದ, ಮತ್ತೆ ಅಗೆದ.
ತಾಮ್ರದ ತಗಡು ಇಳಿಸಿ
ಇಸ್ತ್ರಿ ಅಂಗಡಿಯ ಒಂದು ಚೀಲ ಇದ್ದಿಲು, ಒಂದು ಚೀಲ ಉಪ್ಪು
ಪದರು ಪದರಾಗಿ, ಮಾವಿನಕಾಯಿ ಜಾಡಿಗೆ ತುಂಬಿದಂಗ.
ಇಲ್ಲೂ ಇದ್ದಿಲೇ ಎಂದುಕೊಂಡೆ.
ಮೇಲೆ ಒಂದು ಪೈಪಿನ ಬಾಯಿ.
"ದಿನಾ ಒಂದು ಚೆಂಬು ನೀರು ಹಾಕ್ರಿ.
ಒಣಗಿತಂದ್ರ ಅರ್ಥ್ ಹೋಗ್ತದ."

ಹಸಿರು ದೀಪ.
ಎಂಟೇ ಆಂಪಿಯರಿಗೆ ಇಳಿಸಿಟ್ಟ, ಇಬ್ಬರ ಕೂಲರೂ ತಿರುಗಬೇಕಲ್ಲ.
ಇರುವೆ ಸಕ್ಕರೆ ಹೊತ್ತಂತೆ ರಾತ್ರಿಯಿಡೀ ತುಂಬುತ್ತದೆ.
ಹೋಗಿಬರಲು ನಲವತ್ತು ಕಿಲೋಮೀಟರು, ಸಾಕು.
ನನ್ನ ಸಬ್‌ಮೀಟರಿನ ಅಂಕಿ ವ್ಯಾಗನ್ನಿನ ಹಾಗೆಯೇ
ಪುಸ್ತಕದಲ್ಲಿ ಬರೆದು ತಿಂಗಳಿಗೊಮ್ಮೆ ಅವಳಿಗೆ ತೋರಿಸುತ್ತೇನೆ.
ಅವಳು ಕನ್ನಡಕ ಹಾಕಿಕೊಳ್ಳದೆ ನೋಡುತ್ತಾಳೆ.

ಮೇ ತಿಂಗಳಲ್ಲಿ ಒಂದು ವಾರ ರಾತ್ರಿಪಾಳಿ.
ನಾಲ್ಕನೇ ದಿನ, ನಲವತ್ಮೂರು ಡಿಗ್ರಿಯಲ್ಲಿ,
ತೂಕದ ಮುಳ್ಳು ನೋಡುತ್ತಿದ್ದಾಗ ನೆನಪಾಯಿತು:
ನೀರು.
ಓಡಿ ಬಂದು ಪ್ಲಗ್ಗು ಚುಚ್ಚಿದೆ. ಕಣ್ಣು ಮುಚ್ಚಿ ತೆರೆದೆ.
ಹಸಿರು.

ಬೇವಿನ ಬುಡದ ಮಣ್ಣು ಕಪ್ಪಗೆ ನೆಂದಿತ್ತು,
ಪೈಪಿನ ಬಾಯಿಗೆ ಎರಡು ಅಕ್ಕಿಕಾಳು ಅಂಟಿದ್ದವು.
ಕಿಟಕಿಯ ಹಿಂದಿನಿಂದ ಖಾಜಾಬಿ ಕೇಳಿದಳು:
"ಅಕ್ಕಿ ತೊಳದ ನೀರು ಹಾಕೀನಿ.
ನಡೀತದಲ್ಲ, ನಿನ್ನ ಗಾಡಿಗೆ?"